ಹಳೆ ಕಂಪ್ಯೂಟರಿನವರಿಗೂ ಪುಟದಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟವನ್ನು ತಪ್ಪದೆ ಓದುತ್ತೇನೆ. ಅಲ್ಲಿ ಬರುವುದೆಲ್ಲ ಇತ್ತೀಚಿನ ತಂತ್ರಾಂಶ, ಇತ್ತೀಚಿನ ಕಂಪ್ಯೂಟರಿನ ಸುದ್ದಿ. ಬೀದರಿನ ಚೌಬಾರಾ ಹತ್ತಿರ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನ್ನ ಬಳಿ ಇರುವುದು 2 ಜಿಬಿ ರ‍್ಯಾಮಿನ ಹಳೆ ಯಂತ್ರ. ಚಿತ್ರ ಬಿಡಿಸಲು ಅದರಲ್ಲಿ ಇಂದಿಗೂ ಬಳಸುವುದು 2017ರ ಜನವರಿಯಲ್ಲಿ ಬಂದ ಇಂಕ್‌ಸ್ಕೇಪ್ 0.92. ಈ ತಂತ್ರಾಂಶ ಉಚಿತ, ಕದ್ದ ಪ್ರತಿ ಹಾಕಿಕೊಳ್ಳುವ ಅಗತ್ಯವೇ ಇಲ್ಲ. ಆ ಆವೃತ್ತಿಯಲ್ಲಿ ಸೇರಿಸಿದ ಸೌಲಭ್ಯಗಳು ನಮ್ಮಂಥ ಅಂಗಡಿಯವರಿಗೆ ಎಷ್ಟು ಕೆಲಸಕ್ಕೆ ಬರುತ್ತವೆ ಎಂಬುದನ್ನು ಯಾರಾದರೂ ಕನ್ನಡದಲ್ಲಿ ಬರೆಯಬೇಕು ಎಂಬುದೇ ಈ ಪತ್ರದ ಕೋರಿಕೆ.

ನಮ್ಮೂರಿನ ಬಿದರಿ, ಅಂದರೆ ಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂರಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಕುಶಲಕರ್ಮಿ ಮೊಳೆ ಹಿಡಿದು ಹೂಬಳ್ಳಿ ಗೀರಿಬಿಡುತ್ತಾರೆ, ಅವರಿಗೆ ನಮ್ಮ ಕಂಪ್ಯೂಟರ್ ಬೇಕಿಲ್ಲ. ಆದರೆ ಒಂದೇ ಅಳತೆಯ 50 ತಟ್ಟೆಗೆ ಬೇಡಿಕೆ ಬಂದರೆ ಕಾಗದದ ನಮೂನೆ ಬೇಕಾಗುತ್ತದೆ. ಮೊದಲು ನಾನು ಒಂದು ಎಸಳು ಬಿಡಿಸಿ, ನಕಲು ಮಾಡಿ, 45 ಡಿಗ್ರಿ ತಿರುಗಿಸಿ, ಮತ್ತೆ ನಕಲು ಮಾಡಿ ಎಂಟು ಎಸಳು ಕೂಡಿಸುತ್ತಿದ್ದೆ. ಒಂದನ್ನು ತಿದ್ದಿದರೆ ಉಳಿದ ಏಳನ್ನೂ ತಿದ್ದಬೇಕು. ಗೆರೆಯ ರೂಪ ಬದಲಿಸುವ 0.92ರ ಪಾಥ್ ಎಫೆಕ್ಟ್‌ಗಳಲ್ಲಿ ‘ರೊಟೇಟ್ ಕಾಪೀಸ್’ ಸೇರಿದ ಮೇಲೆ 8 ಎಂದು ಅಂಕಿ ಹಾಕಿದರೆ ಸಾಕು. ಮೂಲ ಎಸಳಿನ ತುದಿಯನ್ನು ಮೌಸಿನಿಂದ ಎಳೆದರೆ ಎಂಟರ ತುದಿಯೂ ಒಟ್ಟಿಗೆ ಬಾಗುತ್ತದೆ. ಮೊದಲ ಸಲ ಅದನ್ನು ಕಂಡ ದಿನ ಅಂಗಡಿಗೆ ಬಂದವರನ್ನೆಲ್ಲ ಕರೆದು ತೋರಿಸಿದ್ದೆ.

ಬಲೆಯಂಥ ಗೆರೆಗಳ ಮೇಲೆ ಬಣ್ಣ ಬೆರೆಸುವ ಮೆಶ್ ಗ್ರೇಡಿಯೆಂಟ್ ಕೂಡ ಆಗಲೇ ಬಂತು, ನನಗೆ ಅದರ ಉಪಯೋಗ ಕಡಿಮೆ. ಚಿತ್ರದ ಭಾಗಗಳನ್ನೆಲ್ಲ ತೋರಿಸುವ ಆಬ್ಜೆಕ್ಟ್ಸ್ ಪಟ್ಟಿ ಮಾತ್ರ ದಿನವೂ ಬೇಕು. ಲಗ್ನಪತ್ರಿಕೆಯ ಗಣಪತಿ, ಬಳ್ಳಿ, ಅಕ್ಷರ ಒಂದರ ಮೇಲೊಂದು ಕೂತಿರುವಾಗ ಬೇಡವಾದದ್ದನ್ನು ಮರೆಮಾಡಿ, ಉಳಿದದ್ದಕ್ಕೆ ಬೀಗ ಹಾಕಿ ಕೆಲಸ ಮಾಡಬಹುದು. ಕನ್ನಡವನ್ನು ಯುನಿಕೋಡ್‌ನಲ್ಲಿ ನೇರವಾಗಿ ಟೈಪ್ ಮಾಡಬಹುದು, ಒತ್ತಕ್ಷರ ಒಡೆಯುವುದಿಲ್ಲ. ಆಫ್‌ಸೆಟ್ ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣದ ಸಿಎಂವೈಕೆ ವ್ಯವಸ್ಥೆಯ ಕೊರತೆ ಇದೆ. ಅದನ್ನು ಮುಚ್ಚಿಡಬಾರದು.

ಇಂಥ ವಿಷಯ ನಮ್ಮ ಭಾಷೆಯಲ್ಲಿ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಅನುಭವವೇ ಸಾಕ್ಷಿ. ಹಿಂದಿನ ಆವೃತ್ತಿಯಲ್ಲಿ ಬಿಡಿಸಿದ್ದ 16 ಸೆಂ.ಮೀ. ಅಗಲದ ತಟ್ಟೆಯ ನಮೂನೆಯನ್ನು 0.92ರಲ್ಲಿ ತೆರೆದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. ಸರಿಯಾಗಿ ಓದದೆ ಒತ್ತಿ ಪ್ರಿಂಟ್ ತೆಗೆದುಕೊಟ್ಟೆ. ಬಿದರಿ ಕೆಲಸದ ಚಾಚಾ ಕಾಗದವನ್ನು ತಟ್ಟೆಯ ಮೇಲಿಟ್ಟು ನೋಡಿ, “ಏನ್ರೀ, ಹೂ ಸಣ್ಣ ಆಗ್ಯಾವಲ್ಲ?” ಎಂದರು. ಸುತ್ತಲೂ ಅರ್ಧ ಸೆಂ.ಮೀ. ಖಾಲಿ ಉಳಿದಿತ್ತು. ಇಂಕ್‌ಸ್ಕೇಪ್ ಅಲ್ಲಿಯವರೆಗೆ ಇಂಚಿಗೆ 90 ಪಿಕ್ಸೆಲ್ ಎಂದು ಎಣಿಸುತ್ತಿತ್ತು, 0.92ರಿಂದ ಅದು 96 ಆಯಿತು. ಅಷ್ಟೇ ಪಿಕ್ಸೆಲ್ ಕಡಿಮೆ ಜಾಗದಲ್ಲಿ ಕೂತು 16 ಇದ್ದದ್ದು 15ಕ್ಕೆ ಇಳಿದಿತ್ತು. ಈ ಚಿತ್ರ ಪರದೆಗೋ, ಮುದ್ರಣಕ್ಕೋ ಎಂಬುದೇ ಆ ಪ್ರಶ್ನೆ. ಮುದ್ರಣಕ್ಕೆ ಎಂದು ಆರಿಸಿದ್ದರೆ ಅಳತೆ ಹಾಗೆಯೇ ಉಳಿಯುತ್ತಿತ್ತು. ಪುಣ್ಯಕ್ಕೆ ಆಗ ಇನ್ನೂ ಬೆಳ್ಳಿ ಕೂರಿಸಿರಲಿಲ್ಲ.

ಬೀದರ್, ಯಾದಗಿರಿ, ಕಲಬುರಗಿಯ ಸಣ್ಣ ಅಂಗಡಿಗಳಲ್ಲಿ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಇಂಥ ಹಳೆ ಯಂತ್ರಗಳಿಗೆ ಕೊರತೆಯಿಲ್ಲ. ವಾರಕ್ಕೆ ಅರ್ಧ ಪುಟವನ್ನಾದರೂ ಅವುಗಳಲ್ಲಿ ಓಡುವ ತಂತ್ರಾಂಶಕ್ಕೆ ಮೀಸಲಿಡಿ. ಮೊದಲ ಕಂತಿಗೆ ಆ ಎಂಟೆಸಳಿನ ಹೂವನ್ನು ಹಂತ ಹಂತವಾಗಿ ಬಿಡಿಸಿಕೊಡಲು ನಾನು ಸಿದ್ಧನಿದ್ದೇನೆ.

ಇಂತಿ,
ಡಿಟಿಪಿ ಅಂಗಡಿಯ ಒಬ್ಬ ಓದುಗ, ಬೀದರ್