ಬರಿಗಾಲಿನ ಕಥೆ ಸಾಕು, ರಾಮನ್ ನೆನಪಾಗಲಿ

ಮಾನ್ಯ ಸಂಪಾದಕರೇ,

ವಿಶ್ವಕಪ್ ಫುಟ್‌ಬಾಲ್ ಬಂದಾಗಲೆಲ್ಲ ಅದೇ ಹಳೆಯ ಕಥೆ ತೇಲಿಬರುತ್ತದೆ: ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವಾದ್ದರಿಂದ ಭಾರತ 1950ರಲ್ಲಿ ಬ್ರೆಜಿಲ್‌ಗೆ ಹೋಗಲಿಲ್ಲವಂತೆ. ಕೇಳಲು ಸೊಗಸಾಗಿದೆ, ಅಷ್ಟೇ. ಅಂದಿನ ನಮ್ಮ ಫುಟ್‌ಬಾಲ್ ಆಡಳಿತಕ್ಕೆ ಒಲಿಂಪಿಕ್ಸೇ ದೊಡ್ಡದಾಗಿತ್ತು. ಗುಂಪಿನ ಉಳಿದ ತಂಡಗಳು ಹಿಂದೆ ಸರಿದು ಪುಕ್ಕಟೆ ಸಿಕ್ಕ ವಿಶ್ವಕಪ್ ಅವಕಾಶವನ್ನು ಅದು ಕೈಚೆಲ್ಲಿತು.

ಬರಿಗಾಲಿನ ನಿಜ ಕಥೆ 1948ರ ಲಂಡನ್ ಒಲಿಂಪಿಕ್ಸ್‌ನದು. ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತಿತು, ಅದೂ ಎರಡು ಪೆನಾಲ್ಟಿ ಕಳೆದುಕೊಂಡು! ಆ ಏಕೈಕ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಬಂದ ಮೊದಲ ಗೋಲು ಅದು. 1956ರ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಮಣಿಸಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲೂ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನದಲ್ಲಿ ನಮ್ಮೂರಿನವರೇ ಆದ ಆಟಗಾರ ಅರುಮೈನಾಯಗಂ ಪಾಲಿದೆ.

ಹಲಸೂರು ಸಮೀಪದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿ ಅಭಿಮಾನ ಮೆರೆದ ನಗರ ನಮ್ಮದು. ಕಂಠೀರವ ಕ್ರೀಡಾಂಗಣದ ಒಂದು ಸ್ಟ್ಯಾಂಡಿಗಾದರೂ ರಾಮನ್ ಹೆಸರಿಡಲು ಕ್ರೀಡಾ ಇಲಾಖೆ ಮನಸ್ಸು ಮಾಡಬೇಕು.

— ಫುಟ್‌ಬಾಲ್ ಅಭಿಮಾನಿ, ಬೆಂಗಳೂರು