ಹತ್ಯಾರ ಮುಟ್ಟಬೇಡಿ, ಪಂಕ್ತಿ ಕಾಯಿಸಬೇಡಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆಗೆ ಹಾಸನ, ಬೇಲೂರು ಕಡೆ ಪಂಚಕಸುಬಿನವರು ಊರವರನ್ನು ಕರೆದು ಎಲೆ ಹಾಕಿಸುತ್ತಾರೆ. ಕರೆಯುವವರಿಗೂ ಬರುವವರಿಗೂ ಕೆಲವು ಮಾತು ಹೇಳಬೇಕಿದೆ.

ಅಂದು ಪೂಜೆ ದೇವರ ಪಟಕ್ಕಷ್ಟೇ ಅಲ್ಲ. ಕಮ್ಮಾರರ ಇಕ್ಕಳ, ಬಡಗಿಗಳ ಉಳಿ-ಬಾಚಿ, ಕಂಚುಗಾರರ ಅಚ್ಚು, ಶಿಲ್ಪಿಗಳ ಚಾಣ, ಅಕ್ಕಸಾಲಿಗರ ತಕ್ಕಡಿಗೂ ನಡೆಯುತ್ತದೆ. ಪೂಜೆಗಿಟ್ಟ ಹತ್ಯಾರವನ್ನು ಮರುದಿನ ಎತ್ತುವವರೆಗೆ ಎಷ್ಟೋ ಮನೆಗಳಲ್ಲಿ ಯಜಮಾನರೇ ಮುಟ್ಟುವುದಿಲ್ಲ. ಅತಿಥಿಗಳು ಫೋಟೊಕ್ಕೆಂದು ಉಳಿ ಎತ್ತಿ ಹಿಡಿಯುವುದನ್ನು ನೋಡಿದರೆ ಹೊಟ್ಟೆ ಕಿವುಚುತ್ತದೆ. ದಯವಿಟ್ಟು ಬೇಡ.

ಪೂಜೆ ಮಾಡುವವರೂ ಗಮನಿಸಬೇಕು. ನಮ್ಮಲ್ಲಿ ಸೆಪ್ಟೆಂಬರಿನ ಗಾಳಿಯಲ್ಲೇ ತೇವ ಇರುತ್ತದೆ. ನೀರಲ್ಲಿ ಕಲಸಿದ ಅರಿಶಿನ-ಕುಂಕುಮವನ್ನು ಉಳಿಯ ಬಾಯಿಗೆ ಹಚ್ಚಿದರೆ, ಒದ್ದೆ ಹೂವಿನ ಮೇಲೆ ಮಲಗಿಸಿದರೆ ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕೆ. ಅದನ್ನು ತೆಗೆಯಲು ಮತ್ತೆ ಸಾಣೆ ಹಿಡಿಯಬೇಕು, ಉಕ್ಕು ಸವೆಯುತ್ತದೆ. ಮೊದಲು ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಕುಂಕುಮವನ್ನು ಹಿಡಿಕೆಗಷ್ಟೇ ಇಡಿ. ನಿಂಬೆಹಣ್ಣನ್ನು ಅಲುಗಿನಿಂದ ದೂರವಿಡಿ. ತಕ್ಕಡಿಯ ತಟ್ಟೆಗೆ ಏನನ್ನೂ ಹಚ್ಚಬೇಡಿ, ತೂಕ ಕೆಡುತ್ತದೆ. ಮರದ ಹೊಟ್ಟು, ಥಿನ್ನರ್ ಇರುವ ಕಡೆ ಕರ್ಪೂರ ಹಚ್ಚಬೇಡಿ.

ಇನ್ನು ಊಟ. 300 ಜನಕ್ಕೆ 32 ಕಿಲೋ ಅಕ್ಕಿ, ತೊವ್ವೆ-ಹುಳಿ ಎರಡಕ್ಕೂ ಸೇರಿ 12 ಕಿಲೋ ತೊಗರಿಬೇಳೆ, ಕೋಸಂಬರಿಗೆ 4 ಕಿಲೋ ಹೆಸರುಬೇಳೆ ಸಾಕು. ಎಲೆ ಮಾತ್ರ 350 ಇರಲಿ, ಹರಿದದ್ದು ಬಂದೇ ಬರುತ್ತದೆ. ಕೋಸಂಬರಿಗೆ ಉಪ್ಪು, ನಿಂಬೆರಸ ಬೀಳುವುದು ಬಡಿಸುವ ಹೊತ್ತಿಗೇ ಆಗಬೇಕು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಪಕ್ಕದ ಪಲ್ಯಕ್ಕೆ ಹರಿಯುತ್ತದೆ. ಪಂಕ್ತಿಗೆ 75 ಎಲೆ, ಬಡಿಸಲು 8 ಜನ. ಕೊನೆಯ ಎಲೆಗೂ ತೊವ್ವೆ, ತುಪ್ಪ ಬಿದ್ದ ಮೇಲೆಯೇ ಎಲ್ಲರೂ ಕೈ ಹಾಕಬೇಕು. ಪಕ್ಕದವರ ಊಟ ಮುಗಿಯುವ ಮುಂಚೆ ಏಳಬಾರದು.

ಇದನ್ನೆಲ್ಲ ಹಾಳುಮಾಡುವುದು ವೇದಿಕೆ. ಅತಿಥಿ ಒಂದು ಗಂಟೆ ತಡ, ಆಮೇಲೆ ಹಾರ, ಶಾಲು, ಪೇಟ. ಅಷ್ಟರಲ್ಲಿ ಅನ್ನ ಮುದ್ದೆಯಾಗಿ, ತೊವ್ವೆ ಗಟ್ಟಿಯಾಗಿ, ಮಜ್ಜಿಗೆ ಹುಳಿಯಾಗಿರುತ್ತದೆ. ಬೆಳಗಿನಿಂದ ಉಪವಾಸವಿದ್ದ ಹಿರಿಯರು ಸುಸ್ತಾಗಿರುತ್ತಾರೆ. ಸಭೆ 45 ನಿಮಿಷಕ್ಕೆ ಮುಗಿಯಲಿ. ಅತಿಥಿ ಬಾರದಿದ್ದರೂ 12.30ಕ್ಕೆ ಮೊದಲ ಪಂಕ್ತಿ ಕೂರಲಿ. ಮೊದಲ ಶಾಲು ಊರಿನ ಹಿರಿಯ ಕಸುಬುದಾರರಿಗೆ.

ಭಾಷಣ ಮಾಡುವವರು ಹೊಯ್ಸಳ ಶಿಲ್ಪದ ವೈಭವ ಎಂದಷ್ಟೇ ಹೇಳಿ ಇಳಿಯುವ ಬದಲು ಕೆತ್ತಿದವರ ಹೆಸರು ಹೇಳಲಿ. ಬೇಲೂರಿನ ಮದನಿಕೆಗಳಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣರ ಹೆಸರಿದೆ. 1246ರ ನುಗ್ಗೇಹಳ್ಳಿ ಗುಡಿಯಲ್ಲಿ ದಕ್ಷಿಣದ ಕೆಲಸ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಇಷ್ಟಕ್ಕೆ ಎರಡು ನಿಮಿಷ ಸಾಕು.

ಕಾಣಿಕೆ ಕೊಡುವ ಮನಸ್ಸಿದ್ದವರು ಬೆಲ್ಲ, ತೆಂಗಿನಕಾಯಿ, ಎಲೆಕಟ್ಟನ್ನು ಹಿಂದಿನ ಸಂಜೆಯೇ ಅಡುಗೆಮನೆಗೆ ತಲುಪಿಸಿ. ಬೆಳಗಾದ ಮೇಲೆ ಬಂದ ಕಾಯಿ ತುರಿಯಲು ಅಲ್ಲಿ ಯಾರಿಗೂ ಕೈ ಬಿಡುವಿರುವುದಿಲ್ಲ.

– ಪಂಚಕಸುಬಿನ ಕುಟುಂಬದವರು, ಬೇಲೂರು