ಪಾಠದ ವೇಳೆ ಪ್ರಚಾರದ ಮೈಕು ಬೇಡ

ಮಾನ್ಯರೇ,

ಚಿಕ್ಕಮಗಳೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ, ಪರೀಕ್ಷೆಯ ದಿನಗಳಲ್ಲೇ ಬಿರುಸಾಗುವ ರಿಯಾಯಿತಿ ಮಾರಾಟದ ಮೈಕಿನ ಹಾವಳಿ ಸಣ್ಣ ಸಂಗತಿಯಾಗಿ ಕಾಣುತ್ತಿಲ್ಲ. ಧ್ವನಿವರ್ಧಕ ಕಟ್ಟಿದ ಆಟೊ ಒಂದೇ ಜಾಹೀರಾತನ್ನು ಮತ್ತೆ ಮತ್ತೆ ಕೂಗುತ್ತಾ ಶಾಲೆಯ ಮುಂದೆ ನಿಧಾನವಾಗಿ ಸಾಗುವಾಗ, ಬಾಯಿಲೆಕ್ಕದಲ್ಲಿ ತೊಡಗಿದ ಮಕ್ಕಳು ದಶಕ ತಪ್ಪಿ, ಬೆರಳು ಮಡಚಿ ಮೊದಲಿನಿಂದ ಕೂಡಲು ಶುರುಮಾಡುತ್ತಾರೆ.

ಜೋರು ಮಳೆಯಲ್ಲೂ ಮಲೆನಾಡಿನ ಮಕ್ಕಳು ಓದುವುದಿಲ್ಲವೇ ಎಂದು ಕೇಳುವವರಿದ್ದಾರೆ. ಓದುತ್ತಾರೆ, ಆಗ ಮೇಷ್ಟ್ರ ದನಿ ಹಿಂದಿನ ಬೆಂಚಿಗೆ ಕೇಳದಿರುವುದು ಬೇರೆ ಮಾತು. ಆದರೆ ಒಂದೇ ಸಮನೆ ಸುರಿಯುವ ಸದ್ದಿಗೂ ಮಾತಿಗೂ ವ್ಯತ್ಯಾಸವಿದೆ. ಅಂಕಿಗಳನ್ನು ನಾವು ಮನಸ್ಸಿನಲ್ಲೇ ಮೆಲ್ಲಗೆ ಹೇಳಿಕೊಳ್ಳುತ್ತಾ ಕ್ರಮವಾಗಿ ನೆನಪಿಟ್ಟುಕೊಳ್ಳುತ್ತೇವೆ. ಕ್ಷಣಕ್ಷಣಕ್ಕೂ ಬದಲಾಗುವ ಹೊರಗಿನ ಮಾತು, ಅದು ಅರಿಯದ ಭಾಷೆಯದ್ದಾದರೂ, ಆ ಕ್ರಮವನ್ನು ಕೆಡಿಸುತ್ತದೆಂಬುದನ್ನು 1970ರ ದಶಕದಿಂದಲೂ ಮನೋವಿಜ್ಞಾನಿಗಳು ಪ್ರಯೋಗಗಳಲ್ಲಿ ಕಂಡಿದ್ದಾರೆ. ಮಾತು ಮೆಲ್ಲಗಿದ್ದರೂ ತೊಂದರೆ ತಪ್ಪುವುದಿಲ್ಲ.

ನಿತ್ಯದ ಗದ್ದಲದ ಪರಿಣಾಮ ಇನ್ನೂ ಆಳವಾದುದು. ಜರ್ಮನಿಯ ಮ್ಯೂನಿಕ್‌ನಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಬೇರೆಡೆ ಹೊಸದು ತೆರೆದಾಗ, ಎರಡೂ ಕಡೆಯ ಶಾಲಾ ಮಕ್ಕಳನ್ನು ಸಂಶೋಧಕರು ಮೊದಲೂ ಆಮೇಲೂ ಪರೀಕ್ಷಿಸಿದರು. ಹೊಸ ನಿಲ್ದಾಣದ ಸಮೀಪದ ಮಕ್ಕಳ ದೀರ್ಘಕಾಲೀನ ನೆನಪು ಮತ್ತು ಓದು ಕುಗ್ಗಿದರೆ, ಹಳೆಯದರ ಬಳಿಯವರಲ್ಲಿ ಅವೇ ಸುಧಾರಿಸಿದವು. ಗದ್ದಲ ನಿಂತರೆ ಮಕ್ಕಳು ಚೇತರಿಸಿಕೊಳ್ಳಬಲ್ಲರು ಎಂಬುದೇ ಇದರಲ್ಲಿ ನನಗೆ ಮುಖ್ಯವಾಗಿ ಕಾಣುವ ಅಂಶ.

ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಲಿನ ಕನಿಷ್ಠ 100 ಮೀಟರ್ ಪ್ರದೇಶಕ್ಕೆ ನಿಶ್ಶಬ್ದ ವಲಯದ ಕಲ್ಪನೆಯಿದ್ದು, ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಆದರೆ ಡೆಸಿಬೆಲ್ ಲೆಕ್ಕಕ್ಕೆ ಮಳೆಯೂ ಜಾಹೀರಾತೂ ಒಂದೇ. ಆದ್ದರಿಂದ ಪ್ರಚಾರ ವಾಹನಗಳಿಗೆ ಅನುಮತಿ ನೀಡುವಾಗಲೇ, ಪಾಠದ ವೇಳೆಯಲ್ಲಿ ಶಾಲೆಯಿಂದ 100 ಮೀಟರ್ ಒಳಗೆ ಧ್ವನಿವರ್ಧಕವನ್ನು ಪೂರ್ತಿ ಬಂದ್ ಮಾಡಬೇಕೆಂಬ ಷರತ್ತು ವಿಧಿಸಬೇಕು. ಮನೆಯಲ್ಲಿ ಜಾಗವಿಲ್ಲದ ಎಷ್ಟೋ ವಿದ್ಯಾರ್ಥಿಗಳು ಓದಲು ಬರುವ ಗ್ರಂಥಾಲಯಗಳಿಗೂ ಇದೇ ಷರತ್ತು ಅನ್ವಯಿಸಲಿ ಎಂದು ಜಿಲ್ಲಾಡಳಿತವನ್ನು ಕೋರುತ್ತೇನೆ.

– ಓರ್ವ ಶಿಕ್ಷಕಿ, ಚಿಕ್ಕಮಗಳೂರು